ಕರಿ ಬಟ್ಟೆಗೆ ಎಷ್ಟು ರಾಳ?

ಸಿಂಧನೂರು ಎಂದರೆ ಭತ್ತ. ಲಿಂಗಸುಗೂರು ತಾಲ್ಲೂಕು ಎಂದರೆ ಹಟ್ಟಿಯ ಚಿನ್ನ. ಮಸ್ಕಿ ಎಂದರೆ ಅಶೋಕನ ಹೆಸರನ್ನು ಹೊತ್ತು 1915ರಲ್ಲಿ ಬೆಳಕಿಗೆ ಬಂದ ಬಂಡೆ ಶಾಸನ. ರಾಯಚೂರು ಜಿಲ್ಲೆಯ ಈ ಮೂರು ಊರುಗಳ ಗುರುತು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಡಿಪ್ಲೊಮಾ, ಎಂಜಿನಿಯರಿಂಗ್ ಓದಲು ಹೋದ ಮಗನೋ ಮಗಳೋ ಮನೆಗೆ ಬಂದು, 'ಪ್ರಾಜೆಕ್ಟಿಗೆ ಕಾರ್ಬನ್ ಫೈಬರ್ ಬೇಕು, ಎಪಾಕ್ಸಿ ಬೇಕು' ಎಂದು ಹಣ ಕೇಳಿದರೆ ಪಾಲಕರಿಗೆ ಗಲಿಬಿಲಿಯಾಗುತ್ತದೆ. ಇದೇನು ವಸ್ತು? ಎಷ್ಟು ಬೇಕು? ಕೊಂಡದ್ದು ವ್ಯರ್ಥವಾಗದೆ ಇರಲು ಏನು ಮಾಡಬೇಕು? ಇವು ನ್ಯಾಯವಾದ ಪ್ರಶ್ನೆಗಳು.

ಕಣಜದ ವಿದ್ಯೆ

ಹಳೆಯ ಮನೆಗಳ ಬಿದಿರಿನ ಕಣಜವನ್ನು ನೆನೆಯಿರಿ. ಬಿದಿರಿನ ಹೆಣಿಗೆ ಭಾರ ತಡೆಯುತ್ತದೆ. ಮೇಲೆ ಮೆತ್ತಿದ ಸಗಣಿ-ಮಣ್ಣು ಹೆಣಿಗೆಯನ್ನು ಹಿಡಿದಿಟ್ಟು ಸಂದು ಮುಚ್ಚುತ್ತದೆ. ಮೆತ್ತಿದ್ದು ಕಡಿಮೆಯಾದರೆ ಕಾಳು ಸೋರುತ್ತದೆ, ಹೆಚ್ಚಾದರೆ ಬಿರಿದು ಉದುರುತ್ತದೆ. ಸಂಯುಕ್ತ ವಸ್ತು ಎಂಬುದರ ತಿರುಳು ಇಷ್ಟೇ. ಕಾರ್ಬನ್ ನೂಲಿನ ಕರಿ ಬಟ್ಟೆ ಇಲ್ಲಿ ಹೆಣಿಗೆ, ಎಪಾಕ್ಸಿ ರಾಳ ಮೆತ್ತುವ ಮಣ್ಣು. ಬಟ್ಟೆಯನ್ನು ಪದರ ಪದರವಾಗಿ ಅಚ್ಚಿನ ಮೇಲೆ ಹಾಸಿ, ರಾಳ ಉಣ್ಣಿಸಿ, ಗಟ್ಟಿಯಾಗಲು ಬಿಡುವುದೇ ಲ್ಯಾಮಿನೇಷನ್.

ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ಹಗುರ ಯುದ್ಧ ವಿಮಾನಕ್ಕೆ ಆಮೇಲೆ 'ತೇಜಸ್' ಎಂದು ಹೆಸರಾಯಿತು. ಅದರ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಸಂಯುಕ್ತ ವಸ್ತುವೇ. ಅದರ ಬಾಲದ ನೆಟ್ಟನೆಯ ರೆಕ್ಕೆಯನ್ನು ಕಾರ್ಬನ್ ಫೈಬರಿನಿಂದ ರೂಪಿಸಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್. ಕಾರಣ ಸರಳ: ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ, ಅಲ್ಯೂಮಿನಿಯಂ 2.7 ಗ್ರಾಂ, ಕಾರ್ಬನ್ ನೂಲು ಸುಮಾರು 1.8 ಗ್ರಾಂ ಮಾತ್ರ. ಗದ್ದೆಯ ಮೇಲೆ ಔಷಧ ಸಿಂಪಡಿಸುವ ಡ್ರೋನುಗಳ ತೋಳುಗಳನ್ನೂ ಹಲವೆಡೆ ಇದರಿಂದಲೇ ಮಾಡುವುದು ಅದಕ್ಕಾಗಿ.

ವಿಮಾನದ ಕೆಲಸದಲ್ಲಿ ಬಟ್ಟೆಗೆ ಮೊದಲೇ ಅಳತೆಯ ರಾಳ ಉಣ್ಣಿಸಿ, ತಣ್ಣಗೆ ಕಾಪಿಟ್ಟು, ಆಟೋಕ್ಲೇವ್ ಎಂಬ ದೈತ್ಯ ಕುಕ್ಕರಿನಲ್ಲಿ ಶಾಖ, ಒತ್ತಡ ಕೊಟ್ಟು ಬೇಯಿಸುತ್ತಾರೆ. ಕಾಲೇಜಿನ ಶೆಡ್ಡಿನಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಬ್ರಷ್, ರೋಲರ್, ತಕ್ಕಡಿ ಮತ್ತು ಲೆಕ್ಕವೇ ಬಂಡವಾಳ.

ಮೊದಲು ಲೆಕ್ಕ, ಆಮೇಲೆ ಅಂಗಡಿ

ಕಾರ್ಬನ್ ಬಟ್ಟೆಯನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಗುರುತಿಸುತ್ತಾರೆ. 200 ಗ್ರಾಂ ಬಟ್ಟೆ ಸಾಮಾನ್ಯವಾಗಿ ಸಿಗುತ್ತದೆ. 60 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಹಾಳೆಗೆ ಐದು ಪದರ ಬೇಕು ಎಂದಿಟ್ಟುಕೊಳ್ಳಿ. ಒಂದು ಪದರದ ವಿಸ್ತೀರ್ಣ 0.3 ಚದರ ಮೀಟರ್. 0.3ನ್ನು 200ರಿಂದ, ಬಂದದ್ದನ್ನು 5ರಿಂದ ಗುಣಿಸಿದರೆ ಬಟ್ಟೆಯ ತೂಕ 300 ಗ್ರಾಂ.

ಕೈಯಿಂದ ಹಾಸುವ ಕೆಲಸದಲ್ಲಿ ಬಟ್ಟೆಯ ತೂಕದಷ್ಟೇ ರಾಳ ಎಂಬುದು ನಂಬಬಹುದಾದ ಅಂದಾಜು. ಅಂದರೆ 300 ಗ್ರಾಂ. ಬ್ರಷ್ಷಿಗೆ, ಲೋಟಕ್ಕೆ, ಅಂಚಿಗೆ ಹೋಗುವ ನಷ್ಟಕ್ಕೆಂದು ನೂರಕ್ಕೆ 20 ಸೇರಿಸಿದರೆ 360 ಗ್ರಾಂ. ಗಟ್ಟಿಯಾದ ಹಾಳೆ ಸುಮಾರು 1.4 ಮಿ.ಮೀ. ದಪ್ಪ, 600 ಗ್ರಾಂ ತೂಕ ಬರುತ್ತದೆ.

ಇದೇ ಹಾಳೆಯನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ ಗಾಳಿ ಹೀರಿದರೆ ಹೆಚ್ಚಿನ ರಾಳ ಹೊರಬರುತ್ತದೆ. ಬಟ್ಟೆ 60, ರಾಳ 40ರ ಪಾಲಾದರೆ ಹಾಳೆಯಲ್ಲಿ ಉಳಿಯುವ ರಾಳ 200 ಗ್ರಾಂ. ತೂಕ 500 ಗ್ರಾಂ, ದಪ್ಪ 1.1 ಮಿ.ಮೀ. ಬಲ ಕೊಡುವುದು ನೂಲು; ಮಿಕ್ಕ ರಾಳ ಬರೀ ಹೊರೆ. ಆದರೆ ಹಿಂಡಿದ ರಾಳವನ್ನು ಹೀರುವ ಬಟ್ಟೆ ಕುಡಿಯುತ್ತದೆ. ಹಾಗಾಗಿ ಕಲಸುವ ಪ್ರಮಾಣವನ್ನು ಒಮ್ಮೆಲೇ ಇಳಿಸುವಂತಿಲ್ಲ.

ಚಿನ್ನದಂತೆ ತೂಗಬೇಕು

ಎಪಾಕ್ಸಿ ಎರಡು ಡಬ್ಬಿಗಳ ಸರಕು: ರಾಳ ಮತ್ತು ಹಾರ್ಡ್‌ನರ್. ಡಬ್ಬಿಯ ಮೇಲೆ '100ಕ್ಕೆ 20, ತೂಕದಲ್ಲಿ' ಎಂದಿದೆ ಎನ್ನಿ. 360 ಗ್ರಾಂ ಮಿಶ್ರಣಕ್ಕೆ ಹಾರ್ಡ್‌ನರ್ ಎಷ್ಟು? 360ರಲ್ಲಿ ನೂರಕ್ಕೆ 20, ಅಂದರೆ 72 ಎಂದು ಹಲವರು ಹೇಳಿಬಿಡುತ್ತಾರೆ. ಅದು ತಪ್ಪು. ಒಟ್ಟು ಪಾಲು 120. 360ನ್ನು 120ರಿಂದ ಭಾಗಿಸಿದರೆ 3. ಆದ್ದರಿಂದ ರಾಳ 300 ಗ್ರಾಂ, ಹಾರ್ಡ್‌ನರ್ 60 ಗ್ರಾಂ. ತೂಕದ ಪಾಲನ್ನು ಅಳತೆಯ ಲೋಟದಲ್ಲಿ ಸುರಿದರೂ ಲೆಕ್ಕ ಕೆಡುತ್ತದೆ, ಏಕೆಂದರೆ ಎರಡರ ಸಾಂದ್ರತೆ ಒಂದೇ ಅಲ್ಲ.

ನೀರಿನ ಟ್ಯಾಂಕು ಮಾಡುವ ಪಾಲಿಯೆಸ್ಟರ್ ರಾಳದಲ್ಲಿ, ತಯಾರಕರು ಹೇಳಿದ ಮಿತಿಯೊಳಗೆ, ವೇಗವರ್ಧಕ ತುಸು ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಅದನ್ನು ಕಂಡವರು ಎಪಾಕ್ಸಿಗೂ ಅದೇ ಉಪಾಯ ಹೂಡುವುದುಂಟು. ಇಲ್ಲಿ ಅದು ನಡೆಯದು. ರಾಳದ ಕಣ ಹಾರ್ಡ್‌ನರಿನ ಕಣದೊಂದಿಗೆ ಎಣಿಸಿದಂತೆ ಕೈ ಹಿಡಿಯುತ್ತದೆ. ಜೊತೆ ಸಿಗದೆ ಉಳಿದದ್ದು ಒಳಗೇ ಉಳಿದು ವಸ್ತುವನ್ನು ಮೆತ್ತಗೆ ಮಾಡುತ್ತದೆ. ಹಟ್ಟಿಯ ಸೀಮೆಯವರಿಗೆ ತೂಕದ ಬೆಲೆ ಬೇರೆ ಹೇಳಬೇಕಿಲ್ಲ.

ಬಿಸಿಲೇ ಪರೀಕ್ಷಕ

ರಾಳದ ಆಯ್ಕೆಯಲ್ಲಿ ಮೂರು ಸಂಗತಿ ನೋಡಬೇಕು. ಮೊದಲನೆಯದು ಹರಿವು. ಕೈಯಿಂದ ಹಾಸಲು ಕಲಸಿದ ರಾಳ ಹೆಚ್ಚುಕಡಿಮೆ ಹರಳೆಣ್ಣೆಯಂತೆ ಹರಿಯಬೇಕು. ಜೇನಿನಂತೆ ದಪ್ಪವಾದರೆ ನೂಲಿನೊಳಗೆ ಇಳಿಯದು. ಟ್ಯೂಬಿನಲ್ಲಿ ಬರುವ ಅಂಟು ಈ ಕೆಲಸಕ್ಕಲ್ಲ. ಅಲಂಕಾರಕ್ಕೆ ಎರಕ ಹೊಯ್ಯುವ ರಾಳವೂ ಅಲ್ಲ.

ಎರಡನೆಯದು ಕಲಸಿದ ಮೇಲೆ ಸಿಗುವ ಸಮಯ. ಡಬ್ಬಿಯ ಮೇಲೆ 25 ಡಿಗ್ರಿಗೆ 40 ನಿಮಿಷ ಎಂದಿದ್ದರೆ, ಪ್ರತಿ 10 ಡಿಗ್ರಿ ಏರಿಕೆಗೆ ಅದು ಸರಿಸುಮಾರು ಅರ್ಧವಾಗುತ್ತದೆ. ಸಿಂಧನೂರಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಉಳಿಯುವುದು ಹದಿನೈದು ನಿಮಿಷಕ್ಕೂ ಕಡಿಮೆ. ಆದ್ದರಿಂದ ನಿಧಾನವಾದ ಹಾರ್ಡ್‌ನರ್ ಆರಿಸಿ, ಬೆಳಗಿನ ತಂಪಿನಲ್ಲಿ ಕೆಲಸ ಮಾಡುವುದು ಜಾಣತನ. 360 ಗ್ರಾಮನ್ನು ಒಂದೇ ಲೋಟದಲ್ಲಿ ಕಲಸಿಟ್ಟರೆ ನೀರು ಬಿದ್ದ ಸುಣ್ಣದ ಕಲ್ಲಿನಂತೆ ತಾನೇ ಕಾದು ಹೊಗೆಯಾಡಬಹುದು. ಎರಡು ಬಾರಿ 180ರಂತೆ ಕಲಸಿ, ಅಗಲವಾದ ತಟ್ಟೆಗೆ ಸುರಿದುಕೊಳ್ಳಬೇಕು.

ಮೂರನೆಯದನ್ನೇ ಬಹಳ ಮಂದಿ ಮರೆಯುತ್ತಾರೆ. ಗಟ್ಟಿಯಾದ ಎಪಾಕ್ಸಿಯೂ ಒಂದು ಉಷ್ಣಾಂಶ ದಾಟಿದರೆ ಅರಗಿನಂತೆ ಮೆದುವಾಗತೊಡಗುತ್ತದೆ. ಕೋಣೆಯ ಶಾಖದಲ್ಲೇ ಗಟ್ಟಿಯಾಗುವ ಅನೇಕ ರಾಳಗಳಿಗೆ ಆ ಗಡಿ 50ರಿಂದ 70 ಡಿಗ್ರಿ. ಮೇ ತಿಂಗಳ ಬಿಸಿಲಲ್ಲಿ ಕರಿ ಮೇಲ್ಮೈ ಅಷ್ಟು ಕಾಯುವುದು ಕಷ್ಟವಲ್ಲ. ನೆರಳಿನಲ್ಲಿ ಗಟ್ಟಿಮುಟ್ಟಾಗಿದ್ದ ತೋಳು ಗದ್ದೆಯ ಮೇಲೆ ಬಾಗಿದರೆ ಯಂತ್ರವೂ ಹೋಯಿತು, ಕೆಳಗಿದ್ದವರಿಗೂ ಅಪಾಯ. ಮಾಹಿತಿ ಹಾಳೆಯಲ್ಲಿ 'ಟಿಜಿ' ಎಂದು ಬರೆದ ಅಂಕಿ ಇದೇ. ಗಟ್ಟಿಯಾದ ವಸ್ತುವನ್ನು ತಯಾರಕರು ಹೇಳಿದಂತೆ ಕೆಲವು ಗಂಟೆ ಹದವಾಗಿ ಕಾಯಿಸಿದರೆ ಈ ಗಡಿ ಮೇಲೇರುತ್ತದೆ.

ಗಾಜಿನಿಂದ ಕಲಿಯಲಿ

ಕಲಿಯುವವರು ಮೊದಲು ಗಾಜಿನ ನೂಲಿನ ಬಟ್ಟೆಯಲ್ಲಿ ಕೈ ಪಳಗಿಸಿಕೊಳ್ಳುವುದು ಲೇಸು. ಅದು ಅಗ್ಗ. ಅಲ್ಲದೆ ರಾಳ ಉಂಡ ಗಾಜಿನ ಬಟ್ಟೆ ಪಾರದರ್ಶಕವಾಗುತ್ತದೆ. ಒಣಗಿದ ಜಾಗ ಬೆಳ್ಳಗೆ ಕಂಡುಬಿಡುತ್ತದೆ. ಕರಿ ಬಟ್ಟೆಯಲ್ಲಿ ತಪ್ಪು ಕಣ್ಣಿಗೆ ಬೀಳದು.

ಪಾಲಕರು ಕೇಳಲೇಬೇಕಾದ ಮಾತು ಸುರಕ್ಷತೆಯದು. ಹಾರ್ಡ್‌ನರ್ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದರೆ ಅದು ಜೀವಮಾನವಿಡೀ ಉಳಿಯಬಹುದು. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಕಡ್ಡಾಯ. ಉಜ್ಜುವಾಗ ಮುಖವಾಡ ಬೇಕು. ಕಾರ್ಬನ್ ಧೂಳು ವಿದ್ಯುತ್ ಹರಿಸುವುದರಿಂದ ಸ್ವಿಚ್ಚು, ಕಂಪ್ಯೂಟರುಗಳ ಹತ್ತಿರ ಆ ಕೆಲಸ ಸಲ್ಲದು.

ಈ ವಿದ್ಯೆಯಲ್ಲಿ ಆಸಕ್ತಿ ಮೂಡಿದವರಿಗೆ ದಾರಿಗಳಿವೆ. ಮೈಸೂರಿನ ಸಿಪೆಟ್ ಸಂಸ್ಥೆಯಲ್ಲಿ ಎಸ್ಸೆಸ್ಸೆಲ್ಸಿ ನಂತರ ಪ್ಲಾಸ್ಟಿಕ್ ತಂತ್ರಜ್ಞಾನದ ಡಿಪ್ಲೊಮಾ ಇದೆ. ಅಚ್ಚು, ಉಪಕರಣ ತಯಾರಿಕೆ ಕಲಿಸುವ ಜಿಟಿಟಿಸಿಯ ಕೇಂದ್ರ ಲಿಂಗಸುಗೂರಿನಲ್ಲೇ ಇದೆ. ಒಳ್ಳೆಯ ಅಚ್ಚಿಲ್ಲದೆ ಒಳ್ಳೆಯ ಲ್ಯಾಮಿನೇಷನ್ ಇಲ್ಲ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ವೃತ್ತಿ ಶಿಕ್ಷಣದಲ್ಲಿ ಸೀಟು ಮೀಸಲಿರುವುದನ್ನೂ ಮನೆಯವರು ನೆನಪಿಡಬೇಕು.

ಮಕ್ಕಳು ಹಣ ಕೇಳಿದಾಗ ಬೇಡವೆನ್ನುವ ಮೊದಲು ಒಂದು ಹಾಳೆ ಮುಂದಿಟ್ಟು ಲೆಕ್ಕ ಬರೆಯಲು ಹೇಳಲಿ: ಬಟ್ಟೆಯ ತೂಕ, ರಾಳ, ಹಾರ್ಡ್‌ನರ್, ಬಳಸುವ ಜಾಗದ ಶಾಖ. ಈ ನಾಲ್ಕು ಸಾಲು ಬರೆಯಬಲ್ಲವರು ಕೊಂಡ ಸರಕನ್ನು ಚೆಲ್ಲುವುದು ವಿರಳ.