ಇರುಳಿನಲ್ಲಿ ಬಾಗಿಲು ತೆರೆಯುವ ಬಳ್ಳಿ

ರಾಯಚೂರಿನ ಬೇಸಗೆಯಲ್ಲಿ ತಾಪವು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಬಾಯಾರಿರಬಹುದೆಂದು ನಾನು ಕುಂಡದ ಮಂಗರವಳ್ಳಿಗೆ ನಿತ್ಯವೂ ನೀರೆರೆದೆನು. ಬೇರು ಕೊಳೆತು ಬಳ್ಳಿ ಸತ್ತಿತು. ಕಾರಣವೇನು?

ಒಣಹವೆಯ ಬಿಸಿಲಿನಲ್ಲಿ ಬಾಷ್ಪೀಭವನವು ತೀವ್ರವಾಗಿರುತ್ತದೆ. ಆದುದರಿಂದ ಈ ಬಳ್ಳಿಯ ನಾಲ್ಕು ಅಂಚಿನ ರಸಭರಿತ ಕಾಂಡವು ಹಗಲಿನಲ್ಲಿ ತನ್ನ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ತಂಪಾದ ಇರುಳಿನಲ್ಲಿ ಅವನ್ನು ತೆರೆದು, ಇಂಗಾಲದ ಡೈ ಆಕ್ಸೈಡನ್ನು ಆಮ್ಲರೂಪದಲ್ಲಿ ಕೂಡಿಡುತ್ತದೆ. ಮರುದಿನದ ಬೆಳಕಿನಲ್ಲಿ ಅದರಿಂದ ಸಕ್ಕರೆಯನ್ನು ತಯಾರಿಸುತ್ತದೆ. ಹೀಗೆ ಅದರ ನೀರಿನ ವೆಚ್ಚ ಅತ್ಯಲ್ಪ.

ದೇವದುರ್ಗ, ಮಾನ್ವಿಗಳ ವಿದ್ಯಾರ್ಥಿಗಳೇ, ಗೆಣ್ಣುಳ್ಳ ತುಂಡೊಂದರ ಗಾಯವನ್ನು ನೆರಳಿನಲ್ಲಿ ಒಣಗಿಸಿ, ತಳದಲ್ಲಿ ತೂತುಳ್ಳ ಕುಂಡದಲ್ಲಿ ನೆಡಿರಿ. ನಮ್ಮ ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುವುದರಿಂದ ಧಾರಾಳವಾಗಿ ಮರಳನ್ನು ಬೆರೆಸಿರಿ. ಮಣ್ಣು ಪೂರ್ಣ ಒಣಗಿದ ಮೇಲೆಯೇ ನೀರೆರೆಯಿರಿ. ಬರಕ್ಕೆ ಅಂಜದ ಬಳ್ಳಿಯನ್ನು ನಮ್ಮ ಅತಿಪ್ರೀತಿಯು ಕೊಲ್ಲದಿರಲಿ.