ರೆಕಾರ್ಡಿನ ನಾದ ಕೆಟ್ಟರೆ ಮೊದಲು ಲೋಡ್ ನೋಡಿ

ಕೊಳವೆಬಾವಿಯ ಆಳ, ಪೈಪಿನ ಅಳತೆ, ಮೋಟಾರಿನ ಶಕ್ತಿ ಈ ಮೂರೂ ಒಂದಕ್ಕೊಂದು ಹೊಂದದಿದ್ದರೆ ತೋಟಕ್ಕೆ ನೀರು ಸರಿಯಾಗಿ ಹರಿಯದೆಂಬುದನ್ನು ಸಿಂಗಟಗೆರೆ ಹೋಬಳಿಯ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೆಕಾರ್ಡ್ ಪ್ಲೇಯರಿನ ವಿಷಯವೂ ಹೀಗೆಯೇ. ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ಜಿಗೂ ಆಂಪ್ಲಿಫಯರಿಗೂ ಹೊಂದಿಕೆ ಇಲ್ಲದಿದ್ದರೆ ಎಂಥ ಒಳ್ಳೆಯ ರೆಕಾರ್ಡೂ ಕೆಟ್ಟದಾಗಿ ಕೇಳುತ್ತದೆ.

ಅಡಿಕೆ ಸುಲಿತ ಮುಗಿದ ಬಿಡುವಿನಲ್ಲಿ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಇಳಿಸಿದಾಗ ಪಿ. ಕಾಳಿಂಗರಾಯರ ಭಾವಗೀತೆಯ ತಟ್ಟೆಯೋ, 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಎಚ್.ಎಂ.ವಿ.ಗೆ ಹಾಡಿದ 78 ಸುತ್ತಿನ ತಟ್ಟೆಯೋ ಸಿಗಬಹುದು. ದನಿ ಕೀರಲಾಗಿದೆ, ರೆಕಾರ್ಡು ಸವೆದಿದೆ ಎಂದು ಅದನ್ನು ಗುಜರಿಗೆ ಹಾಕಿದರೆ ಮತ್ತೆ ದೊರೆಯುವುದು ಕಷ್ಟ. ಆದ್ದರಿಂದ ರೆಕಾರ್ಡನ್ನು ದೂರುವ ಮುನ್ನ ಲೋಡ್ ಪರೀಕ್ಷಿಸುವುದು ಒಳಿತು.

ಲೋಡ್ ಎಂದರೆ ಕಾರ್ಟ್ರಿಜ್ಜಿನ ವಿದ್ಯುತ್ ಸಂಕೇತಕ್ಕೆ ಆಂಪ್ಲಿಫಯರೂ ಅದರ ವೈರೂ ಒಡ್ಡುವ ಹೊರೆ. ಕಾರ್ಟ್ರಿಜ್ಜುಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಒಂದನೆಯದು, ಹಳೆಯ ಪೆಟ್ಟಿಗೆ ಪ್ಲೇಯರುಗಳಲ್ಲಿ ಸಾಮಾನ್ಯವಾಗಿದ್ದ ಕ್ರಿಸ್ಟಲ್ ಅಥವಾ ಸೆರಾಮಿಕ್. ಇದರ ಸಂಕೇತ ನೂರಾರು ಮಿಲಿವೋಲ್ಟ್. ಇದಕ್ಕೆ 1 ಮೆಗಾ ಓಮ್ ಅಥವಾ ಅದಕ್ಕೂ ಹೆಚ್ಚಿನ ಲೋಡ್ ಬೇಕು. ಇಂದಿನ ಆಂಪ್ಲಿಫಯರಿನ ಸಾಧಾರಣ ಆಕ್ಸ್ ಕಿಂಡಿಗೆ ನೇರವಾಗಿ ಸಿಕ್ಕಿಸಿದರೆ ಮೃದಂಗ, ತಬಲಗಳ ತಗ್ಗು ದನಿ ಸೊರಗಿಹೋಗುತ್ತದೆ.

ಎರಡನೆಯದು, ಮೂವಿಂಗ್ ಮ್ಯಾಗ್ನೆಟ್. ಸಂಕೇತ ಸುಮಾರು 3ರಿಂದ 5 ಮಿಲಿವೋಲ್ಟ್. ಇದಕ್ಕೆ ಫೋನೊ ಕಿಂಡಿಯೇ ಬೇಕು. ಲೋಡ್ 47 ಕಿಲೊ ಓಮ್. ಜೊತೆಗೆ ವೈರಿನ ಕೆಪಾಸಿಟೆನ್ಸನ್ನೂ ಗಮನಿಸಬೇಕು. ಕಾರ್ಟ್ರಿಜ್ಜಿನ ಸುರುಳಿ 500 ಮಿಲಿಹೆನ್ರಿ ಇದ್ದು ಒಟ್ಟು ಕೆಪಾಸಿಟೆನ್ಸ್ 150 ಪಿಕೊಫ್ಯಾರಡ್ ಆದರೆ ಅವೆರಡರ ಅನುರಣನ 18 ಕಿಲೊಹರ್ಟ್ಸ್ ಸುಮಾರಿಗೆ ಬರುತ್ತದೆ. ಅದೇ 300 ಆದರೆ 13ಕ್ಕೆ ಇಳಿಯುತ್ತದೆ. ಆಗ ‘ಸ’, ‘ಶ’ ಅಕ್ಷರಗಳು ಸೀಟಿ ಹೊಡೆದಂತೆ ಕೇಳಿ, ತಾಳದ ದನಿ ಒರಟಾಗಬಹುದು.

ಮೂರನೆಯದು, ಮೂವಿಂಗ್ ಕಾಯಿಲ್. ಸಂಕೇತ ಅರ್ಧ ಮಿಲಿವೋಲ್ಟಿನ ಆಸುಪಾಸು. ಲೋಡ್ ಹಲವು ಬಾರಿ 100 ಓಮ್ ಸುಮಾರು. ಕಾರ್ಟ್ರಿಜ್ಜಿನ ಒಳರೋಧದ ಹತ್ತರಷ್ಟು ಎಂಬುದು ರೂಢಿಯ ಲೆಕ್ಕ.

ಇನ್ನು ಮಾಡಬೇಕಾದುದು ಇಷ್ಟು:

1. ಕಾರ್ಟ್ರಿಜ್ ಯಾವ ಬಗೆಯದು, ತಯಾರಕರು ಎಷ್ಟು ಲೋಡ್ ಹೇಳಿದ್ದಾರೆ ಎಂಬುದನ್ನು ಅದರ ಕಾಗದದಲ್ಲಿ ನೋಡಿ.

2. ವೈರಿನ ಕೆಪಾಸಿಟೆನ್ಸಿಗೆ ಫೋನೊ ಕಿಂಡಿಯದನ್ನು ಕೂಡಿಸಿ. ಹೆಚ್ಚಾದರೆ ಚಿಕ್ಕ ವೈರು ಹಾಕಿ. ಇದು ಎಲ್ಲಕ್ಕಿಂತ ಅಗ್ಗದ ಉಪಾಯ.

3. ಹೊಸ ಪ್ಲೇಯರಿನ ಹಿಂದೆ ಫೋನೊ, ಲೈನ್ ಎಂಬ ಸ್ವಿಚ್ ಇದ್ದರೆ, ಆಂಪ್ಲಿಫಯರಿನ ಫೋನೊ ಕಿಂಡಿಗೆ ಸೇರಿಸುವಾಗ ಅದು ಫೋನೊ ಕಡೆಗೇ ಇರಲಿ.

4. ಮೂವಿಂಗ್ ಮ್ಯಾಗ್ನೆಟ್ಟಿನ ದನಿ ಇನ್ನೂ ತೀಕ್ಷ್ಣವಾದರೆ 47 ಕಿಲೊ ಓಮಿಗೆ ಸಮಾನಾಂತರವಾಗಿ 100 ಕಿಲೊ ಓಮ್ ರೆಸಿಸ್ಟರ್ ಹಾಕಿಸಬಹುದು. ಆಗ ಲೋಡ್ ಸುಮಾರು 32 ಕಿಲೊ ಓಮ್ ಆಗಿ ಮೇಲಿನ ದನಿ ಮೆತ್ತಗಾಗುತ್ತದೆ. ಈ ಕೆಲಸ ರೇಡಿಯೋ ರಿಪೇರಿ ಬಲ್ಲವರಿಂದಲೇ ಆಗಲಿ.

5. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮನೆಯವರೆಲ್ಲರಿಗೂ ಪರಿಚಯವಿರುವ ಒಂದೇ ಹಾಡನ್ನು ಹಾಕಿ ಕೇಳಿ.

ಒಂದು ಎಚ್ಚರಿಕೆ. ಮುಳ್ಳು ತಪ್ಪಿದ್ದರೆ ಲೋಡ್ ಎಷ್ಟು ತಿದ್ದಿದರೂ ಫಲವಿಲ್ಲ. 78 ಸುತ್ತಿನ ತಟ್ಟೆಗೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕು, ಎಲ್.ಪಿ.ಗೆ ಸುಮಾರು 18 ಮೈಕ್ರಾನ್. ಲೋಡ್ ತಪ್ಪಿದರೆ ಕೆಡುವುದು ಆ ಹೊತ್ತಿನ ದನಿ ಮಾತ್ರ. ಅದನ್ನು ಮತ್ತೆ ಸರಿಪಡಿಸಬಹುದು. ಮುಳ್ಳು ತಪ್ಪಿದರೆ ರೆಕಾರ್ಡಿನ ಗೆರೆಯೇ ಕೆಡುತ್ತದೆ, ಅದಕ್ಕೆ ಮದ್ದಿಲ್ಲ.