ಪಂಕ್ ಗಂಟಲಲ್ಲಿ ಆರ್ಮ್‌ಸ್ಟ್ರಾಂಗನ ಹಾಡು

ದಲಿತ ಲೇಖಕ ಅಂದಮೇಲೆ ಸಿಟ್ಟೇ ಅವನ ಸ್ಥಾಯೀಭಾವ ಎಂದು ನಂಬಿದ ಗೆಳೆಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವನು ನಕ್ಕರೆ ಇವರಿಗೆ ಅನುಮಾನ. ಅವರ ಮುಂದೆ ನಾನು ಅಮೆರಿಕಾದ ಒಂದು ಹಾಡನ್ನು ಇಡುತ್ತೇನೆ: 'ವಾಟ್ ಎ ವಂಡರ್‌ಫುಲ್ ವರ್ಲ್ಡ್'.

ಲೋಕ ಎಷ್ಟು ಚೆಂದ ಅನ್ನುವ ಈ ಹಾಡನ್ನು ಬರೆದವರು ಇಬ್ಬರು ಬಿಳಿಯರು. 1967ರಲ್ಲಿ ಹಾಡಿದವನು ಕಪ್ಪು ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್. ಅದೇ ಬೇಸಿಗೆಯಲ್ಲಿ ನ್ಯೂವಾರ್ಕ್, ಡೆಟ್ರಾಯಿಟ್‌ಗಳ ಕಪ್ಪು ಕೇರಿಗಳು ಹೊತ್ತಿ ಉರಿದಿದ್ದವು. ಬಿಳಿಯರೆದುರು ಹಲ್ಲುಕಿರಿಯುವ ಮುದುಕ ಎಂಬ ಆಪಾದನೆ ಅವನ ಬೆನ್ನಿಗೆ ಮೊದಲೇ ಅಂಟಿತ್ತು. ಆದರೆ 1957ರಲ್ಲಿ ಲಿಟಲ್ ರಾಕ್‌ನಲ್ಲಿ ಕಪ್ಪು ಮಕ್ಕಳನ್ನು ಶಾಲೆಯ ಬಾಗಿಲಲ್ಲಿ ತಡೆದಾಗ, ಅಧ್ಯಕ್ಷ ಐಸೆನ್‌ಹೋವರ್‌ನನ್ನು ಬಹಿರಂಗವಾಗಿ ಬೈದು, ಸರ್ಕಾರದ ಪರವಾಗಿ ಸೋವಿಯತ್ ದೇಶಕ್ಕೆ ಹೋಗಲು ಒಲ್ಲೆ ಅಂದವನೂ ಇವನೇ. ಹಲ್ಲು ಎಣಿಸುತ್ತಾ ಕೂತವರಿಗೆ ಇದು ಕಾಣಲಿಲ್ಲ.

ಇನ್ನು ಜೋಯಿ ರಾಮೋನ್. 1974ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಹುಟ್ಟಿದ 'ರಾಮೋನ್ಸ್' ತಂಡದ ಗಾಯಕ. ಎರಡು ನಿಮಿಷದ ಹಾಡು, ಗಿಟಾರಿನ ಗದ್ದಲ, ಓಟ. ಪಂಕ್ ಅಂದರೆ ಅದು. ಪಂಕ್‌ನವನು ಹಿರಿಯರ ಹಾಡನ್ನು ಎತ್ತಿಕೊಂಡರೆ ಅಣಕಿಸಲಿಕ್ಕೇ ಅಂತ ಜನ ಕಾಯ್ತಾರೆ. 1978ರಲ್ಲಿ ಸಿಡ್ ವಿಶಸ್ 'ಮೈ ವೇ'ಯನ್ನು ಹಾಗೇ ಚಿಂದಿ ಮಾಡಿದ್ದ. ಜೋಯಿ ಅಣಕಿಸಲಿಲ್ಲ. ಅವನಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಇತ್ತು. 2001ರ ಏಪ್ರಿಲ್‌ನಲ್ಲಿ, 49ನೇ ವಯಸ್ಸಿಗೆ ತೀರಿಕೊಂಡ. ಮರುವರ್ಷ ಬಂದ ಅವನ ಆಲ್ಬಂನ ಮೊದಲ ಹಾಡೇ ಇದು.

ಆರ್ಮ್‌ಸ್ಟ್ರಾಂಗ್ ಹಿರಿಯನೊಬ್ಬ ಜಗಲಿಯಲ್ಲಿ ಕೂತು ನೋಡಿದ್ದನ್ನು ಹೇಳುವ ಹಾಗೆ, ನಿಧಾನವಾಗಿ ಹಾಡುತ್ತಾನೆ. ಹಿಂದೆ ಪಿಟೀಲುಗಳ ಮೇಳ. ಜೋಯಿ ಪಿಟೀಲು ತೆಗೆದು ಗಿಟಾರು ಇಟ್ಟ, ಹಾಡನ್ನು ಓಡಿಸಿದ. ಆ ಒರಟು ಗಂಟಲನ್ನು ಮಾತ್ರ ಅನುಕರಿಸಲಿಲ್ಲ. ತನ್ನ ಮೂಗುದನಿಯಲ್ಲೇ, ತನ್ನ ಬೀದಿಯ ಉಚ್ಚಾರದಲ್ಲೇ ಹಾಡಿದ. ಹೊತ್ತಿಲ್ಲ, ಬೇಗ ನೋಡಬೇಕು ಎಂಬ ಅವಸರ ನನಗೆ ಅಲ್ಲಿ ಕೇಳುತ್ತದೆ. ಎದೆ ಎತ್ತುವುದು ಆ ಅವಸರವೇ, ಚೆಂದದ ವರ್ಣನೆಯಲ್ಲ.

ಕಪ್ಪು ಜನರ ಸಂಗೀತವನ್ನು ಬಿಳಿಯರು ದೋಚಿದ ಚರಿತ್ರೆ ದೊಡ್ಡದಿದೆ, ಇದೂ ಅದೇ ಅಲ್ಲವೇನ್ರೀ? ಅಲ್ಲ ಅಂತ ನನ್ನ ವಾದ. ದೋಚುವವನು ಮೊದಲಿನವನನ್ನು ಅಳಿಸಿಹಾಕುತ್ತಾನೆ. ಇಲ್ಲಿ ಆರ್ಮ್‌ಸ್ಟ್ರಾಂಗ್ ಅಳಿಯುವುದಿಲ್ಲ, ಅವನ ನಗುವಿಗೊಬ್ಬ ಸಾಕ್ಷಿ ಸಿಗುತ್ತಾನೆ. (ಆರ್ಮ್‌ಸ್ಟ್ರಾಂಗ್ 1943ರಿಂದ ಸಾಯುವತನಕ, 1971ರವರೆಗೆ, ಇದೇ ಕ್ವೀನ್ಸ್‌ನಲ್ಲಿ ಮನೆ ಮಾಡಿದ್ದ.)

1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಅಮೆರಿಕಾದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ ಹೆಸರು ತಂದುಕೊಂಡರು. ಸಿಟ್ಟಿನ ದಾರಿಯಾಗಿ ಅದು ನಮಗೆ ಚೆನ್ನಾಗಿ ಗೊತ್ತು. ಆ ನಾಡಿನ ಕಪ್ಪು ಜನರಿಂದ ಬರುವುದು ಅದೊಂದೇ ಅಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಡಿ.ಆರ್. ನಾಗರಾಜ್ ಬಡವರ ನಗುವಿನ ಶಕ್ತಿಯನ್ನು ಗುರುತಿಸಿದ್ದರು. ಆ ಪುಸ್ತಕ ಓದಿ 'ಇಷ್ಟು ನಗಬಹುದೇ' ಎಂದು ಮುಖ ಸಿಂಡರಿಸುವವರು ಜೋಯಿಯ ಹಾಡನ್ನು ಒಮ್ಮೆ ಜೋರಾಗಿ ಹಾಕಿಕೊಂಡು ಕೇಳಲಿ.